ಶುಭ ಲಾಭ ಬರೆದ ಮುಖಪುಟ

ಸೂಪರ್‌ಹೀರೋ ಕಾಮಿಕ್ಸಿಗೆ ದುಡ್ಡು ಹಾಕುವವರು ಕಾಮಿಕ್ಸ್ ಓದುವುದಿಲ್ಲ, ಸುದ್ದಿ ಓದುತ್ತಾರೆ. ಯಾವ ಹಳೆಯ ನಾಯಕ ಪರದೆಗೆ ಬರುತ್ತಾನೆಂಬ ವಾಸನೆ ಬಡಿದ ಕೂಡಲೇ ಅವನು ಮೊಟ್ಟಮೊದಲು ಕಾಣಿಸಿಕೊಂಡ ಸಂಚಿಕೆಯನ್ನು ಹುಡುಕಬೇಕು, ಉಳಿದವರಿಗೆ ತಿಳಿಯುವ ಮುಂಚೆ ಕೊಳ್ಳಬೇಕು, ಜನ ಹುಚ್ಚೆದ್ದು ಕೇಳುವಾಗ ಮಾರಬೇಕು. ಪರದೆಗೆ ಬಂದ ಮೇಲೂ ಇಟ್ಟುಕೊಂಡು ಕೂತವನ ಕೈಯಲ್ಲಿ ಉಳಿಯುವುದು ಹಳೇ ಕಾಗದ. ಈ ಧಂದೆಯಲ್ಲಿ ಕಲಿಯಬೇಕಾದದ್ದು ಇಷ್ಟೇ, ಇದನ್ನು ಕಲಿಯದವರ ಜೊತೆ ಪಾಲುದಾರಿಕೆ ಮಾಡಬಾರದು ಎಂಬುದನ್ನು ಮಾತ್ರ ನಾನು ತಡವಾಗಿ ಕಲಿತೆ.

ಕಲಬುರಗಿಯ ಬ್ರಹ್ಮಪುರದಲ್ಲಿ ನನ್ನ ಅಂಗಡಿ. ಮುಂಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಪಿಯುಸಿ, ಡಿಗ್ರಿ ಪುಸ್ತಕಗಳು, ಗೈಡುಗಳು. ಹಿಂದಿನ ಕಪಾಟಿನಲ್ಲಿ ಹಳೆಯ ಹಿಂದಿ ಕಾಮಿಕ್ಸುಗಳು. ಮುಂದಿನದು ಹೊಟ್ಟೆಗೆ, ಹಿಂದಿನದು ಹುಚ್ಚಿಗೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ಮಳೆಗಾಲದಲ್ಲಿ ಲೋಹಜಿತ್ ಎಂಬ ನಾಯಕನ ಮೇಲೆ ವೆಬ್ ಸರಣಿ ಬರುತ್ತದೆಂಬ ಪ್ರಕಟಣೆ ಹೊರಬಿತ್ತು. ಕಬ್ಬಿಣವನ್ನು ಬರಿಗೈಯಲ್ಲಿ ಕರಗಿಸುವ, ಕಪ್ಪು ಮುಖವಾಡದ ನಾಯಕ ಅವನು. ಅವನನ್ನು ಹುಟ್ಟಿಸಿದ ಪ್ರಕಾಶನ ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಕಾಮಿಕ್ಸ್ ಕೊಳ್ಳುವ, ಮಾರುವ ನಮ್ಮದೊಂದು ಫೋನ್ ಗುಂಪಿದೆ. ಅದರಲ್ಲಿದ್ದವರೆಲ್ಲ ಲೋಹಜಿತ್‌ನ ಮೊದಲನೇ ಸಂಚಿಕೆಯ ಹಿಂದೆ ಬಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೂತೆ.

ಯಾಕೆಂದರೆ ಅವನು ಹುಟ್ಟಿದ್ದು ಅಲ್ಲಲ್ಲ. ಅದೇ ಪ್ರಕಾಶನದ ಒಂದು ಮಕ್ಕಳ ಪತ್ತೇದಾರಿ ಸರಣಿಯಿತ್ತು. ಅದರ ಒಂದು ಸಂಚಿಕೆಯ ಕೊನೆಯಲ್ಲಿ, ಪುಟ ತುಂಬಿಸಲಿಕ್ಕೆಂದು ಹಾಕಿದ ಸಣ್ಣ ಕಥೆಯೊಂದರಲ್ಲಿ, ಲೋಹಜಿತ್ ಒಂದು ವರ್ಷ ಮೊದಲೇ ಬಂದು ಹೋಗಿದ್ದಾನೆ. ಆ ಸರಣಿ ಆಗ ಮಾರಾಟವಾಗಲಿಲ್ಲ, ಹಾಗಾಗಿ ಯಾರೂ ಕಾಪಿಟ್ಟಿಲ್ಲ. ನನ್ನ ಹತ್ತಿರ ಅದರ ಹರಿದ ಪ್ರತಿ ಒಂದಿತ್ತು. ಅದರ ಮೇಲೆ ಕಮಲಾಪುರದ ಬಾಡಿಗೆ ಪುಸ್ತಕದಂಗಡಿಯೊಂದರ ರಬ್ಬರ್ ಸ್ಟಾಂಪ್ ಇತ್ತು. ಮರುದಿನ ಬೆಳಿಗ್ಗೆ ಆ ದಾರಿಯ ಹುಮನಾಬಾದ್ ಬಸ್ ಹತ್ತಿದೆ.

ಕಮಲಾಪುರದಲ್ಲಿ ಆ ಅಂಗಡಿ ಎಲ್ಲಿತ್ತೆಂದು ಕೇಳಿದರೆ ಎಲ್ಲರೂ ಒಬ್ಬಳನ್ನೇ ತೋರಿಸಿದರು. ರಸ್ತೆಯಂಚಿನಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಕೆಂಬಾಳೆಯ ಗೊನೆಗಳು, ಗೊನೆಗಳ ನಡುವೆ ಐವತ್ತರ ಆಚೀಚಿನ ಒಬ್ಬ ಹೆಂಗಸು. ಪುಸ್ತಕದಂಗಡಿ ನಡೆಸುತ್ತಿದ್ದವನು ಅವಳ ಅಣ್ಣ. ತೀರಿಕೊಂಡು ಬಹಳ ದಿನಗಳಾಗಿದ್ದವು. ಅಣ್ಣನ ಹಳೆಯ ಪುಸ್ತಕಗಳೇನಾದರೂ ಉಳಿದಿವೆಯೇ ಎಂದು ಕೇಳಿದೆ.

"ಬಾಳಿಹಣ್ಣ ಬೇಕಾ, ರದ್ದಿ ಬೇಕಾ?" ಎಂದಳು.

"ರದ್ದೀನೇ ಬೇಕ್ರಿ ಅಕ್ಕಾ."

"ರದ್ದಿಗಿ ಕಲಬುರ್ಗಿಲಿಂದ ಬಸ್ ಹತ್ತಿ ಬರೋರು ಯಾರೂ ಇಲ್ಲ ತಮ್ಮಾ. ಖರೆ ಹೇಳು, ಅದರಾಗ ಏನದ?"

ಸುಳ್ಳು ಹೇಳಿ ತೂಕಕ್ಕೆ ಕೊಂಡುಕೊಂಡು ಬರಬಹುದಿತ್ತು, ನಮ್ಮ ಧಂದೆಯಲ್ಲಿ ಅದು ಮಾಮೂಲು. ಆದರೆ ಅವಳು ಕೇಳಿದ ರೀತಿಗೆ ನನಗೆ ಸುಳ್ಳು ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ: ಸರಣಿ ಬರುವುದು, ಸಂಚಿಕೆ ಯಾವುದು, ಸಿಕ್ಕರೆ ಎಷ್ಟು ಬೆಲೆಬಾಳಬಹುದು, ಯಾಕೆ ಬೇಗ ಮಾರಬೇಕು. ಅವಳು ಗಿರಾಕಿಗಳಿಗೆ ಹಣ್ಣು ತೂಗುತ್ತಲೇ ಕೇಳಿಸಿಕೊಂಡಳು. ಆಮೇಲೆ ಚಪ್ಪರದ ಕಂಬದ ಮೇಲೆ ಯಾರೋ ಬಳಿದಿದ್ದ ಕೆಂಪು ಬಣ್ಣದ ಗುರುತನ್ನು ತೋರಿಸಿದಳು.

"ರಸ್ತಾ ಅಗಲ ಮಾಡ್ತಾರಂತ. ನನ್ನ ಚಪ್ಪರ ಹೋಗ್ತದ. ಬಸ್‌ಸ್ಟ್ಯಾಂಡ್ ಹಿಂದ ಹೊಸಾ ಮಳಿಗಿ ಕಟ್ಯಾರ, ಒಂದು ನನಗ ಅಂತ ಹಿಡದಿಟ್ಟಾರ. ಕಾರ್ತಿಕ ಅಮಾಸಿ ಒಳಗ ಡಿಪಾಜಿಟ್ ಕೊಡಬೇಕು. ಇಲ್ಲಂದ್ರ ಬ್ಯಾರೆಯವರಿಗಿ. ನಿನ್ನ ಪುಸ್ತಕ ಅಷ್ಟರಾಗ ಮಾರ್ತದ?"

"ಮಾರ್ತದ್ರಿ" ಎಂದೆ. ಎಷ್ಟು ಸಲೀಸಾಗಿ ಅಂದೆನೆಂದು ಈಗ ನೆನೆದರೆ ಮೈ ಉರಿಯುತ್ತದೆ.

ಬಾಳೆ ಹಣ್ಣು ಮಾಡುವ ಕೋಣೆಯ ಅಟ್ಟದ ಮೇಲೆ ತಗಡಿನ ಟ್ರಂಕ್ ಇತ್ತು. ಕೆಳಗೆ ಹುಲ್ಲು ಹೊದಿಸಿದ ಗೊನೆಗಳ ಕಾವು, ಮೇಲೆ ಗೂಡು ಕಟ್ಟಿದ ಜೇಡ. ಟ್ರಂಕಿನಲ್ಲಿದ್ದ ಬಹುಪಾಲು ಪುಸ್ತಕಗಳು ಕೆಲಸಕ್ಕೆ ಬಾರದವು. ಬಾಡಿಗೆಯಂಗಡಿಯವರು ಐದೈದು ಕಾಮಿಕ್ಸುಗಳನ್ನು ಸೇರಿಸಿ ದಪ್ಪ ದಾರದಿಂದ ಹೊಲಿಯುತ್ತಿದ್ದರು. ಹೊಲಿದದ್ದಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಆದರೆ ತಳದಲ್ಲಿ, ಹಳೇ ಉರ್ದು ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ಹಾಗೇ ಉಳಿದಿತ್ತು. ಮಾರಾಟವಾಗದ ಪ್ರತಿಗಳನ್ನು ಏಜೆಂಟ್ ವಾಪಸ್ ತೆಗೆದುಕೊಳ್ಳದೆ ಅವಳ ಅಣ್ಣನ ತಲೆಗೇ ಕಟ್ಟಿದ್ದನಂತೆ. ಬಿಚ್ಚಿ ನೋಡಿದರೆ ಅದೇ ಸಂಚಿಕೆ, ಏಳು ಪ್ರತಿ.

ಅಂಥ ಹೊತ್ತಿನಲ್ಲಿ ಆತುರ ಕೂಡದು. ಮೊದಲು ಮರುಮುದ್ರಣ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು: ಮುಖಪುಟದ ಬೆಲೆ, ಒಳಗಿನ ಜಾಹೀರಾತು, ಹಿಂದಿನ ಹೊದಿಕೆಯ ವಿಳಾಸ, ಮೂರೂ ತಾಳೆಯಾಗಬೇಕು. ಆಮೇಲೆ ಪಿನ್ನುಗಳಿಗೆ ತುಕ್ಕು ಹಿಡಿದಿದೆಯೇ, ಬೆನ್ನಿನ ಮೇಲೆ ಬಿಳಿ ಗೆರೆಗಳಿವೆಯೇ, ನಡುಪುಟ ಪಿನ್ನಿನಿಂದ ಕಳಚಿದೆಯೇ ಎಂದು ನೋಡುವುದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಉಗುರಿನ ಗುರುತೂ ಕಾಣುತ್ತದೆ. ಆರು ಪ್ರತಿಗಳು ಚೆನ್ನಾಗಿದ್ದವು. ಏಳನೆಯದನ್ನು ಯಾರೂ ಒಮ್ಮೆಯೂ ತೆರೆದಂತಿರಲಿಲ್ಲ. ಅದರೊಂದಿಗೆ ಉಚಿತವಾಗಿ ಕೊಟ್ಟ ಸ್ಟಿಕರ್ ಹಾಳೆ ಕೂಡ ಒಳಗೆ ಹಾಗೇ ಕೂತಿತ್ತು. ಇಂಥದ್ದೊಂದನ್ನು ನಾನು ಅದುವರೆಗೆ ಫೋಟೋದಲ್ಲಿ ಸಹ ನೋಡಿರಲಿಲ್ಲ.

ಬಂದದ್ದರಲ್ಲಿ ಅರ್ಧ ಅವಳದು, ಅರ್ಧ ನನ್ನದು ಎಂದು ಮಾತಾಯಿತು. ಕಾಗದವಿಲ್ಲ, ಸಹಿಯಿಲ್ಲ. ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹಿಂದೆ ರಟ್ಟು ಕೊಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಂದೆ. ಮಹಾಗಾಂವ್ ಕ್ರಾಸಿನಲ್ಲಿ ಹತ್ತಿದವರೊಬ್ಬರು ಬ್ಯಾಗ್ ಮೇಲಿಡಿ ಎಂದು ಜಗಳಕ್ಕೇ ಬಂದರು, ನಾನು ಇಡಲಿಲ್ಲ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಮಾರುಕಟ್ಟೆಯಲ್ಲಿ ಚೆದುರಿ ಬಿದ್ದಿದ್ದ ಇದೇ ಸಂಚಿಕೆಯ ಬೇರೆ ಪ್ರತಿಗಳನ್ನೂ ಸುದ್ದಿ ಹರಡುವ ಮುಂಚೆ ಎತ್ತಿಕೊಂಡುಬಿಟ್ಟರೆ ಬೆಲೆ ನಮ್ಮ ಕೈಯಲ್ಲೇ ಇರುತ್ತದೆ ಎಂಬ ದುರಾಸೆ ನನಗೆ ಹುಟ್ಟಿತು. ಅದಕ್ಕೆ ನನ್ನ ಹತ್ತಿರ ಬಂಡವಾಳವಿರಲಿಲ್ಲ. ನನ್ನ ಅಂಗಡಿಯ ಗೋಡೆಯೂ ಮಳೆಗಾಲದಲ್ಲಿ ಒಸರುತ್ತಿತ್ತು, ಏಳು ಪ್ರತಿಗಳನ್ನು ಅಲ್ಲಿಡಲು ಧೈರ್ಯವಿರಲಿಲ್ಲ. ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನೊಬ್ಬ ನಂದೂರಿನಲ್ಲಿ ದಾಲ್ ಮಿಲ್ ಇಟ್ಟಿದ್ದಾನೆ. ಅವನ ಹತ್ತಿರ ಹೋದೆ.

ಅವನು ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ಕೇಳಿದ ಕೂಡಲೇ ಹೂಂ ಅಂದ, ಬಡ್ಡಿಯ ಮಾತೆತ್ತಲಿಲ್ಲ, ಆಫೀಸಿನ ಗೋದ್ರೇಜ್ ಕಪಾಟಿನ ಒಂದು ಅರೆಯನ್ನು ಅಲ್ಲೇ ಖಾಲಿ ಮಾಡಿಸಿದ. ಎರಡೇ ಷರತ್ತು ಹಾಕಿದ: ಮಾಲು ಅವನ ಮಿಲ್ಲಿನಲ್ಲಿರಬೇಕು, ಯಾವಾಗ ಮಾರುವುದೆಂದು ಇಬ್ಬರೂ ಕೂತು ತೀರ್ಮಾನಿಸಬೇಕು. ಕಮಲಾಪುರದ ಅಕ್ಕನ ಮಳಿಗೆಯ ವಿಷಯ, ಅಮಾವಾಸ್ಯೆಯ ಗಡುವು, ಎಲ್ಲವನ್ನೂ ಅವನಿಗೆ ಹೇಳಿದ್ದೆ. "ಆಯ್ತಲ್ಲಪ, ಆಕಿದೂ ಆಗ್ತದ, ನಮ್ದೂ ಆಗ್ತದ" ಎಂದಿದ್ದ.

ಅವನ ದುಡ್ಡಿನಲ್ಲಿ ಮೂರು ಪ್ರತಿ ಸಿಕ್ಕವು. ಎರಡು ಲಡ್ಡಾಗಿ ಪುಡಿಯುದುರುತ್ತಿದ್ದವು. ಒಂದರ ಮುಖಪುಟ ಹೊಚ್ಚ ಹೊಸದರಂತಿತ್ತು, ಆದರೆ ನಡುವಿನ ಹಾಳೆಗಳೇ ಇರಲಿಲ್ಲ. ಪಿನ್ನು ಸರಿಮಾಡಲೆಂದು ಆ ಮೂರನ್ನು ನನ್ನ ಅಂಗಡಿಯಲ್ಲಿಟ್ಟುಕೊಂಡೆ. ಏಳು ಒಳ್ಳೆಯ ಪ್ರತಿಗಳು ನಂದೂರಿನಲ್ಲಿ.

ಅವನಿಗೆ ಅವುಗಳ ಮೇಲೆ ಪ್ರೀತಿ ಹುಟ್ಟಿತು. ಇದೇ ತೊಂದರೆ. ಮಿಲ್ಲಿಗೆ ಬಂದ ಖರೀದಿದಾರರಿಗೆಲ್ಲ ತೊಗರಿಯ ನಮೂನೆಯನ್ನು ಅಂಗೈಯಲ್ಲಿ ಹಾಕಿ ತೋರಿಸಿದಂತೆ ಕಾಮಿಕ್ಸನ್ನೂ ತೋರಿಸುತ್ತಿದ್ದ. ತೊಗರಿಗೆ ಎಣ್ಣೆ ಹಚ್ಚಿ ಒಣಗಿಸುವ ಮಿಲ್ಲು ಅದು. ಅಲ್ಲಿ ಬಾಗಿಲ ಹಿಡಿಕೆ ಮುಟ್ಟಿದರೂ ಕೈ ಜಿಡ್ಡು. ನಾನು ಬೈದೆ. ಕವರಿನಿಂದ ತೆಗೆಯಬೇಡ ಎಂದು ನಾಲ್ಕು ಸಲ ಹೇಳಿದೆ. "ಮಾಲ್ ತೋರಿಸ್ದೇ ವ್ಯಾಪಾರ ಹ್ಯಾಂಗಲೇ?" ಎಂದು ನಗುತ್ತಿದ್ದ. ಆದರೂ ಮಾತು ಕೇಳಿದ, ಕಪಾಟಿಗೆ ಬೀಗ ಹಾಕಿದ.

ಭಾದ್ರಪದದ ಕೊನೆಗೆ ವೆಬ್ ಸರಣಿಯ ಮೊದಲ ತುಣುಕು ಹೊರಬಂತು. ಅದರಲ್ಲಿ ಒಂದು ಕ್ಷಣ ಹಳೆಯ ಮುಖವಾಡ ಕಾಣಿಸಿತು, ಪತ್ತೇದಾರಿ ಸಂಚಿಕೆಯಲ್ಲಿದ್ದ ಮುಖವಾಡ. ಗುಂಪಿನಲ್ಲಿ ಯಾರೋ ಗುರುತಿಸಿದರು, ಸಂಜೆಯೊಳಗೆ ದೇಶಕ್ಕೆಲ್ಲ ಗೊತ್ತಾಯಿತು. ಬೆಲೆ ಏರಿತು, ಮತ್ತೆ ಏರಿತು. ನನ್ನ ಫೋನ್ ಬಿಸಿಯಾಗುವಷ್ಟು ಕರೆಗಳು. ಹೈದರಾಬಾದಿನ ಒಬ್ಬ ಗಿರಾಕಿ, ಮೂಲದಲ್ಲಿ ಬೀದರ ಕಡೆಯವರು, ಗುಂಪಿನಲ್ಲಿ ಎಲ್ಲರೂ ಹಿರಿಯರೆಂದು ಗೌರವಿಸುವವರು, ಏಳನ್ನೂ ಒಟ್ಟಿಗೆ ಕೊಳ್ಳುತ್ತೇನೆ ಎಂದರು. ಅವರು ಹೇಳಿದ ಬೆಲೆಯಲ್ಲಿ ಅಕ್ಕನ ಮಳಿಗೆಯ ಡಿಪಾಜಿಟ್ ಕಟ್ಟಿ ಮೇಲೂ ಉಳಿಯುತ್ತಿತ್ತು. ನಾನು ನಂದೂರಿಗೆ ಓಡಿದೆ.

ಮಿಲ್ ಮಾಲೀಕ ಒಪ್ಪಲಿಲ್ಲ.

"ಲೇ, ಸುಗ್ಗ್ಯಾಗ ತೊಗರಿ ಮಾರೋರು ಯಾರು? ಬೆಳೆದವರು. ಮಳಿಗಾಲದಾಗ ಮಾರೋರು ಯಾರು? ಹಿಡದವರು. ನಾವು ಹಿಡ್ಯೋ ಮಂದಿ. ಸರಣಿ ಬರ್ಲಿ, ಊರ ಮಂದಿ ಎಲ್ಲಾ ನೋಡ್ಲಿ, ಆಗ ತೆಗಿ ಕಪಾಟ."

"ತೊಗರಿ ಎಲ್ಲಾರ ಮನ್ಯಾಗೂ ಬೇಕು. ಇದು ಬೇಕಾಗಿದ್ದು ದೇಶದಾಗ ಹತ್ತಿಪ್ಪತ್ತು ಮಂದಿಗಿ. ಅವರ ಹುಚ್ಚು ಇಳಿದ್ರ ಮುಗೀತು, ಕಪಾಟ ತೆಗದು ನೀನೇ ಓದ್ತಾ ಕೂಡಬೇಕು."

"ನೀ ಅಂಜುಬುರುಕ."

"ನಾ ಇದನ್ನೇ ಮಾಡ್ಕೋತ ಬಂದೀನಿ. ಮತ್ತ ಏಳೂ ಆಕೀದು ಅವ, ನಿಂದಲ್ಲ. ಆಕಿಗಿ ಅಮಾಸಿ ಗಡುವು ಅದ."

ಕೊನೆಗೆ ಏಳು ಮಾರು, ನನ್ನ ಮೂರು ನಾ ಹಿಡಿತೀನಿ ಎಂದ. ಆದರೆ ದೀಪಾವಳಿ ಹತ್ತಿರ ಬಂದಿತ್ತು. ಲಕ್ಷ್ಮೀ ಪೂಜೆಗೆ ಮುಂಚೆ ಕಪಾಟಿನಲ್ಲಿಟ್ಟ ಮಾಲು ಮಿಲ್ಲಿನಿಂದ ಹೊರಗೆ ಹೋಗಕೂಡದು, ಅವನ ತಂದೆಯ ಕಾಲದಿಂದ ಬಂದ ರೂಢಿ. "ಪೂಜಾ ಆಗ್ಲಿ, ಮರುದಿನ ಒಯ್ಯಿ." ನನಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ದೀಪಾವಳಿಗೂ ಕಾರ್ತಿಕ ಅಮಾವಾಸ್ಯೆಗೂ ನಡುವೆ ಇಡೀ ಒಂದು ತಿಂಗಳಿತ್ತು. ಹೈದರಾಬಾದಿನವರಿಗೆ ಹಬ್ಬ ಮುಗಿದ ಮೇಲೆ ಬರಲು ಹೇಳಿದೆ, ಅಕ್ಕನಿಗೆ ಫೋನ್ ಮಾಡಿ ಮಳಿಗೆ ನಿಮ್ಮದೇ ಅಂದುಕೊಳ್ಳಿ ಎಂದೆ. ಅವಳು ಆ ದಿನವೇ ಹೋಗಿ ಮಳಿಗೆಯ ಷಟರ್ ಎತ್ತಿಸಿ ಒಳಗೆ ನಿಂತು ಬಂದಳಂತೆ.

ಪೂಜೆಯ ಸಂಜೆ ನನ್ನನ್ನೂ ಕರೆದಿದ್ದ. ಮಿಲ್ಲಿನ ಗೇಟಿಗೆ ಬಾಳೆಕಂದು, ಚೆಂಡುಹೂವಿನ ಸರ, ಒಳಗೆ ಹಮಾಲರೆಲ್ಲ ಹೊಸ ಅಂಗಿ ತೊಟ್ಟು ನಿಂತಿದ್ದಾರೆ. ನಾನು ಚಪ್ಪಲಿ ಬಿಟ್ಟು ಆಫೀಸಿಗೆ ಕಾಲಿಟ್ಟೆ.

"ಬಾ ಬಾ, ನಿನ್ನ ದಾರೀನೇ ನೋಡ್ಲಾಕತ್ತೀವಿ! ನೋಡಲ್ಲಿ, ಈ ವರ್ಷ ಲಕ್ಷ್ಮೀ ಬಾಜೂಕ ನಿಂದೇ ಮಾಲ!"

ಮಣೆಯ ಮೇಲೆ ಲಕ್ಷ್ಮಿಯ ಪಟ. ಪಟದ ಒಂದು ಬದಿಗೆ ಹೊಸ ಖಾತೆ ಪುಸ್ತಕಗಳು, ತಕ್ಕಡಿ, ಒಂದು ಸೇರು ತೊಗರಿಬೇಳೆ. ಇನ್ನೊಂದು ಬದಿಗೆ ಏಳು ಕಾಮಿಕ್ಸುಗಳು, ಪ್ಲಾಸ್ಟಿಕ್ಕಿನಿಂದ ಹೊರಗೆ, ಸಾಲಾಗಿ. ಖಾತೆ ಪುಸ್ತಕಕ್ಕೆ ಮಾಡಿದಂತೆಯೇ ಪ್ರತಿಯೊಂದರ ಮುಖಪುಟದ ಮೇಲೂ ಮೂರೆಳೆ ವಿಭೂತಿ, ನಡುವೆ ಅರಿಶಿನದ ಬೊಟ್ಟು, ಕೆಳಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಬೆರಳಲ್ಲಿ ಬರೆದ ಅಕ್ಷರ: ಶುಭ ಲಾಭ. ಯಾರೂ ತೆರೆಯದ ಆ ಏಳನೆಯ ಪ್ರತಿಗೆ ಹೆಚ್ಚಿನ ಮರ್ಯಾದೆಯೆಂದು ಅದರ ಮೇಲೆ ಹೂವಿಟ್ಟು ನೀರು ಚಿಮುಕಿಸಿದ್ದರು. ಲೋಹಜಿತ್‌ನ ಹೆಸರಿನ ಮೇಲೇ ಕುಂಕುಮ ಹರಡಿತ್ತು.

ಅವನ ತಾಯಿ ಆರತಿ ಎತ್ತಿದ್ದರು, ಸುತ್ತ ಮಕ್ಕಳು ನಿಂತಿದ್ದವು. ಆರತಿ ತಟ್ಟೆ ನನ್ನ ಮುಂದೆ ಬಂತು, ಕಣ್ಣಿಗೊತ್ತಿಕೊಂಡೆ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಬಂದದ್ದು ಅಳು. ಹಾಳು ಮಾಡಿದವನು ಕಳ್ಳನಾಗಿದ್ದರೆ ಕಾಲರ್ ಹಿಡಿಯಬಹುದು. ಇವನು ತನ್ನ ಮನೆಯಲ್ಲಿ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ ನನ್ನ ಮಾಲನ್ನು ಕೂಡಿಸಿದ್ದ. ಜನ ಚೆದುರಿದ ಮೇಲೆ ಹೊರಗೆ ಕರೆದು ಹೇಳಿದೆ. ಅವನಿಗೆ ತಿಳಿಯಲೇ ಇಲ್ಲ.

"ಲಕ್ಷ್ಮೀ ಮುಂದ ಇಟ್ಟಿದ್ದಕ್ಕ ಬೆಲಿ ಇಳೀತದ? ಇದ್ಯಾವ ಊರಿನ ನ್ಯಾಯಲೇ?"

"ಮುಖಪುಟದ ಮ್ಯಾಲ ಪೆನ್ಸಿಲ್ ಚುಕ್ಕಿ ಇದ್ರೂ ಬೆಲಿ ಇಳೀತದ. ನೀ ಹೆಸರೇ ಅಳಿಸಿಬಿಟ್ಟಿ."

"ಒರಸಿದ್ರ ಹೋಗ್ತದ ತಗೋ."

ಹೋಗಲಿಲ್ಲ. ಎರಡು ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ವಿಭೂತಿ ಒಣ ಹತ್ತಿಗೆ ಬಂತು. ಅರಿಶಿನ ಮಾಸಿತು, ಹೋಗಲಿಲ್ಲ. ಕುಂಕುಮದ ಎಣ್ಣೆ ಕಾಗದದ ಹೊಳಪಿನ ಕೆಳಗೇ ಇಳಿದುಬಿಟ್ಟಿತ್ತು. ಉಜ್ಜಿದಷ್ಟೂ ಬಣ್ಣ ಏಳುತ್ತಿತ್ತು. ಒಂದೇ ಸಮಾಧಾನವೆಂದರೆ ಹೊದಿಕೆ ದಪ್ಪಗಿದ್ದುದರಿಂದ ಒಳಪುಟಗಳಿಗೆ ಏನೂ ಆಗಿರಲಿಲ್ಲ. ಏಳನೆಯ ಪ್ರತಿಯ ಒಳಗು ಅಚ್ಚಿನಿಂದ ಈಗ ತಾನೇ ಇಳಿದಂತಿತ್ತು. ಪಕ್ಕದಲ್ಲೇ, ಪಿನ್ನು ಬಿಚ್ಚಿಟ್ಟ ಆ ಇನ್ನೊಂದು ಪ್ರತಿ: ಒಳಗೆ ಹಾಳೆಗಳಿಲ್ಲ, ಮುಖಪುಟ ಮಾತ್ರ ಚೊಕ್ಕ.

ಎರಡನ್ನೂ ಸೇರಿಸಿದರೆ ಒಂದು ಪೂರ್ಣ ಪ್ರತಿ. ನಮ್ಮ ಧಂದೆಯಲ್ಲಿ ಇದಕ್ಕೆ ಜೋಡಿಪ್ರತಿ ಎನ್ನುತ್ತೇವೆ. ಹೇಳಿ ಮಾರಿದರೆ ತಪ್ಪಲ್ಲ, ಆದರೆ ಕವಡೆ ಬೆಲೆ. ಹೇಳದೆ ಮಾರಿದರೆ ಪೂರ್ತಿ ಬೆಲೆ, ಅದೊಂದೇ ಪ್ರತಿಗೆ ಅಕ್ಕನ ಪಾಲಿನಲ್ಲಿ ಮಳಿಗೆಯ ಡಿಪಾಜಿಟ್ ಕಟ್ಟುವಷ್ಟು ಬರುತ್ತಿತ್ತು. ಪಿನ್ನಿನ ತೂತುಗಳು ಹೊದಿಕೆಯಲ್ಲಿ ಒಂದು ಕಡೆ, ಹಾಳೆಯಲ್ಲಿ ಕೂದಲೆಳೆಯಷ್ಟು ಇನ್ನೊಂದು ಕಡೆ ಬೀಳುತ್ತವೆ. ಅದನ್ನು ಸರಿದೂಗಿಸುವ ಕೈ ನನಗಿಲ್ಲ. ನಮ್ಮೂರಿನ ರೋಜಾ ಬಡಾವಣೆಯಲ್ಲಿ ಒಬ್ಬರು ಬೈಂಡಿಂಗ್ ಚಾಚಾ ಇದ್ದಾರೆ, ಹಳೆಯ ಧರ್ಮಗ್ರಂಥಗಳ ಬೆನ್ನು ಕೂಡಿಸುವವರು. ಎರಡನ್ನೂ ಅವರ ಮುಂದಿಟ್ಟೆ.

ಕನ್ನಡಕ ಏರಿಸಿ ನೋಡಿದರು. "ಆಗ್ತದ ಭಾಯಿ, ಮಾಡಿ ಕೊಡ್ತೀನಿ. ತೂತಿಗಿ ತೂತು ಕೂಡ್ತದ. ಕೂಡ್ಸೋ ಕಾಮ್ ನಂದು. ಯಾರಿಗಿ ಏನ್ ಹೇಳ್ತೀರಿ, ವೋ ಬಾತ್ ನಿಮ್ಮದು."

ಮೂರನೆಯ ದಿನ ಕೈಗೆ ಕೊಟ್ಟರು. ಭೂತಗನ್ನಡಿ ಹಿಡಿದು ನಾನೇ ಹುಡುಕಿದೆ, ನನಗೆ ಸಿಗಲಿಲ್ಲ. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಖುಷಿಯಾಯಿತು. ಹೇಳಬಾರದೆಂದು ತೀರ್ಮಾನಿಸಿಕೊಂಡೇ ಬ್ರಹ್ಮಪುರಕ್ಕೆ ಬಂದೆ. ಬಾಡಿಗೆಯಂಗಡಿಯ ಮಾಲು ಅದು, ಯಾರ ಅನ್ನ ಕಿತ್ತುಕೊಳ್ಳುತ್ತಿದ್ದೇನೆ? ಹೈದರಾಬಾದಿನವರ ಕಪಾಟಿನಲ್ಲಿ ಅದು ಜನ್ಮಪೂರ್ತಿ ಬೀಗದೊಳಗೆ ಇರುತ್ತದೆ, ಇಲ್ಲಿ ಒಬ್ಬಳಿಗೆ ಅಂಗಡಿಯಾಗುತ್ತದೆ. ದಾರಿಯುದ್ದಕ್ಕೂ ಹೀಗೇ ಲೆಕ್ಕ ಒಪ್ಪಿಸಿಕೊಂಡೆ.

ಹೈದರಾಬಾದಿನವರು ರೈಲಿನಲ್ಲಿ ಬಂದರು. ಕುಂಕುಮ ಬಿದ್ದ ಆರನ್ನು ಮೊದಲೇ ತೋರಿಸಿ ಆದದ್ದನ್ನು ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತು ನಕ್ಕರು, ಆಮೇಲೆ ಪಾಪ ಅಂದರು. ಏಳನೆಯದನ್ನು ಮುಂದಿಟ್ಟೆ. ಕೈತೊಳೆದು, ಒರೆಸಿಕೊಂಡು, ಒಂದೊಂದೇ ಪುಟ ಎತ್ತಿ ನೋಡಿದರು. ಪಿನ್ನು ನೋಡಿದರು, ಬೆನ್ನು ನೋಡಿದರು, ಸ್ಟಿಕರ್ ಹಾಳೆ ನೋಡಿ ಮಗುವಿನಂತೆ ಹಿಗ್ಗಿದರು. ಅವರಿಗೂ ಸಿಗಲಿಲ್ಲ.

ಆಮೇಲೆ ಅವರು ಕೇಳಿದರು. ಎಷ್ಟೇ ಪರೀಕ್ಷೆ ಮಾಡಿದರೂ ಕೊನೆಗೆ ಮಾರುವವನನ್ನು ಬಾಯಿಬಿಟ್ಟು ಕೇಳಬೇಕು, ಅವನ ಮಾತೇ ಕಡೆಯ ಮಾತು ಎಂಬುದು ನಮ್ಮ ಗುಂಪಿನ ಕಟ್ಟಳೆ.

"ಎಲ್ಲಾ ಇದರದ್ದೇ ಅಲ್ರೀ? ಬ್ಯಾರೆ ಪ್ರತೀದು ಏನೂ ಕೂಡಿಸಿಲ್ಲ?"

ಇಲ್ಲ ಎಂಬ ಎರಡಕ್ಷರ ಬೇಕಿತ್ತು. ನಾಲಿಗೆಯ ತುದಿಗೆ ತಂದಿಟ್ಟುಕೊಂಡಿದ್ದೆ. ಅವರು ನನ್ನ ಮುಖ ನೋಡುತ್ತಿದ್ದರು, ಅನುಮಾನದಿಂದಲ್ಲ, ಪೂರ್ತಿ ನಂಬಿಕೆಯಿಂದ. "ಮುಖಪುಟ ಬ್ಯಾರೇದ್ರಿ" ಎಂದುಬಿಟ್ಟೆ.

ಅವರು ಪುಸ್ತಕವನ್ನು ಮೆಲ್ಲಗೆ ಕವರಿನೊಳಗೆ ಹಾಕಿ ನನ್ನ ಕಡೆ ಸರಿಸಿದರು. ಇಷ್ಟು ದೂರ ಬಂದದ್ದು ವ್ಯರ್ಥವಾಯಿತೆಂದು ಬೇಸರಪಡಲಿಲ್ಲ. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು, ಜೋಡಿಪ್ರತಿ ತಮಗೆ ಬೇಡ ಎಂದರು, ಚಹಾ ಕುಡಿದು ಸ್ಟೇಷನ್ನಿಗೆ ಹೋದರು. ರೈಲಿನಲ್ಲಿ ಕೂತೇ ಗುಂಪಿಗೆ ಬರೆದರು: ಕಲಬುರಗಿಯಲ್ಲಿ ಒಬ್ಬ ಪ್ರಾಮಾಣಿಕ ವ್ಯಾಪಾರಿಯನ್ನು ಕಂಡೆ ಎಂದು. ರಾತ್ರಿಯೊಳಗೆ ಗುಂಪಿನವರೆಲ್ಲ ನನಗೆ ಕೈಮುಗಿದು, ಹೂವು ಎರಚಿ, ಹೃದಯಗಳ ಮಳೆ ಸುರಿಸಿದರು. ಒಬ್ಬನೂ ಒಂದು ಪ್ರತಿ ಕೊಳ್ಳಲಿಲ್ಲ.

ಎಲ್ಲ ವಿವರ ಬರೆದು ಏಳನ್ನೂ ಮಾರಾಟಕ್ಕಿಟ್ಟೆ. ಬಂದ ಬೆಲೆಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಇನ್ನೊಂದು ವಾರ ನೋಡೋಣ ಎನ್ನುವಷ್ಟರಲ್ಲಿ ಸರಣಿ ಬಂತು. ಅದರಲ್ಲಿ ಲೋಹಜಿತ್ ಮುಖವಾಡವನ್ನೇ ಹಾಕುವುದಿಲ್ಲ. ಕಬ್ಬಿಣ ಕರಗಿಸುವುದಂತೂ ಇಲ್ಲವೇ ಇಲ್ಲ, ಕಂಪ್ಯೂಟರ್ ಮುಂದೆ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಾನೆ. ನೋಡಿದವರು ಬೈದರು, ಬೈದವರು ಮರೆತರು. ಹೆಚ್ಚಿನ ಬೆಲೆಗೆ ಕೊಂಡು ಕೂತಿದ್ದವರೆಲ್ಲ ತಮ್ಮ ಪ್ರತಿಗಳನ್ನು ಹೊರಗೆ ಹಾಕಿದರು, ಚೊಕ್ಕ ಮುಖಪುಟದ ಪ್ರತಿಗಳೇ ಬಿಕರಿಯಾಗದೆ ಬಿದ್ದವು. ಕುಂಕುಮದವನ್ನು ಕೇಳುವವರಾರು? ಮಿಲ್ ಮಾಲೀಕ ಮಾತ್ರ ಎದೆಗುಂದಲಿಲ್ಲ. "ಎರಡನೇ ಭಾಗ ಬರ್ತದಂತ, ಹಿಡಿಯೋಣು" ಎಂದ. ಅಕ್ಕನ ಡಿಪಾಜಿಟ್ಟನ್ನು ನೀನೇ ಕೊಡು, ಆಮೇಲೆ ತೀರಿಸುತ್ತೇನೆ ಎಂದು ಕೇಳಿದೆ. ಹೊಸ ತೊಗರಿ ಬರುವ ಹೊತ್ತು, ಕೈಯಲ್ಲಿದ್ದದ್ದೆಲ್ಲ ಖರೀದಿಗೆ ಬೇಕು ಎಂದ. ಸುಳ್ಳಲ್ಲ ಅದು. ಆದರೂ ಆ ದಿನದಿಂದ ಅವನ ಮಿಲ್ಲಿನ ಕಡೆ ಕಾಲಿಟ್ಟಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ಕಮಲಾಪುರಕ್ಕೆ ಹೋದೆ. ಮುಂಚೆಯೇ ಹೋಗಬೇಕಿತ್ತು, ಫೋನಿನಲ್ಲಿ ಇನ್ನೊಂದೆರಡು ದಿನ, ಇನ್ನೊಂದೆರಡು ದಿನ ಎಂದು ಮುಂದೂಡಿದ್ದೆ. ಚಪ್ಪರ ಕಿತ್ತಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಮಳಿಗೆಯಲ್ಲಿ ಯಾರೋ ಮೊಬೈಲ್ ಕವರುಗಳನ್ನು ನೇತುಹಾಕಿ ಕೂತಿದ್ದರು. ಅವಳು ಅದರ ಎದುರಿಗೇ, ಬಿಸಿಲಿನಲ್ಲಿ, ಬಾಡಿಗೆಗೆ ತಂದ ತಳ್ಳುಗಾಡಿಯ ಮೇಲೆ ಗೊನೆ ಇಟ್ಟುಕೊಂಡು ನಿಂತಿದ್ದಳು. ಏಳು ಪ್ರತಿಗಳನ್ನೂ ವಾಪಸ್ ತಂದಿದ್ದೆ, ಜೋಡಿಪ್ರತಿಯನ್ನೂ ಸೇರಿಸಿ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಪೂಜೆಯ ಮಾತು ಬಂದಾಗ ಅವಳು "ದೇವರ ಹೆಸರಿಲೆ ಮಾಡ್ಯಾನ, ಅವಂಗೇನ್ ಅ‌ನ್ನೋದು" ಎಂದಳು. ಹೈದರಾಬಾದಿನವರ ಪ್ರಶ್ನೆ, ನನ್ನ ಉತ್ತರ ಹೇಳಿದಾಗ ಮಾತ್ರ ಕೈಯಲ್ಲಿದ್ದ ಕುಡುಗೋಲನ್ನು ಗಾಡಿಯ ಮೇಲಿಟ್ಟಳು.

"ಅವರು ಕೇಳಿದಾಗ, ಹೊರಗ ಹೋಗಿ ನನಗೊಂದು ಫೋನ್ ಹಚ್ಚಲಾಕ ಆಗ್ತಿರಲಿಲ್ಲೇನು?"

"ಅಷ್ಟೊತ್ತನ್ಯಾಗ ಹೊಳೀಲಿಲ್ರಿ ಅಕ್ಕಾ. ಖರೆ ಬಾಯಾಗ ಬಂದುಬಿಡ್ತು."

"ಖರೆ ಹೇಳಿದ್ದಕ್ಕ ನಿನಗ ಏನ್ ಸಿಕ್ತು?"

ಗುಂಪಿನವರು ಹೊಗಳಿ ಬರೆದದ್ದನ್ನು ಹೇಳಿದೆ.

"ನಿನ್ನ ಹೆಸರು ಉಳೀತು. ಚೊಲೋ ಆತು. ಮಳಿಗಿ ಹೋಗಿದ್ದು ನಂದು."

"ಫೋನ್ ಹಚ್ಚಿದ್ರ ನೀವು ಏನ್ ಅಂತಿದ್ರಿ? ಸುಳ್ಳ ಹೇಳು ಅಂತಿದ್ರೇನ್ರಿ?" ಎಂದೆ. ಹೌದು ಅನ್ನಲಿ, ನನ್ನ ಪಾಪ ಸ್ವಲ್ಪ ಹಗುರಾಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅವಳು ಬಹಳ ಯೋಚನೆ ಮಾಡಲಿಲ್ಲ.

"ಖರೇನೇ ಹೇಳು ಅಂತಿದ್ದೆ. ಆದ್ರ ಆಗ ಮಳಿಗಿ ನಾ ಬಿಟ್ಟಂಗ ಆಗ್ತಿತ್ತು. ಈಗ ನೀ ಬಿಡಿಸಿದಂಗ ಆತು."

ಅಷ್ಟರಲ್ಲಿ ಬೀದರ ಬಸ್ಸು ಬಂದು ನಿಂತಿತು. ಅವಳು ಪುಸ್ತಕದ ಕಟ್ಟನ್ನು ನನ್ನ ಕೈಗೇ ತಿರುಗಿ ಕೊಟ್ಟು, ಹಣ್ಣಿನ ಬುಟ್ಟಿ ತಲೆಗೇರಿಸಿಕೊಂಡು ಬಸ್ಸಿನ ಕಿಟಕಿಗಳ ಕೆಳಗೆ ಕೂಗುತ್ತ ಹೋದಳು.